ಕಿವಿ ಪರೀಕ್ಷೆಯ ಕೋಣೆಗೆ ಬಂದ ತೆಳ್ಳನೆಯ ಲ್ಯಾಪ್‌ಟಾಪ್

ಕಿವಿ ಪರೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಮೊದಲ ದಿನವೇ ಲ್ಯಾಪ್‌ಟಾಪ್ ತೋರಿಸುತ್ತಾರೆ. ಅದನ್ನು ಹೇಗೆ ತೆರೆಯಬೇಕು, ಎಲ್ಲಿ ಒತ್ತಬೇಕು, ವರದಿಯನ್ನು ಯಾವ ಬಣ್ಣದಲ್ಲಿ ಮುದ್ರಿಸಬೇಕು ಎಂದೆಲ್ಲ ಕಲಿಸುತ್ತಾರೆ. ಎದುರಿಗೆ ಕುಳಿತ ಮನುಷ್ಯನ ಕಿವಿಯ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಆ ಉಳಿದ ಪಾಠವನ್ನು ನಾನು ಹೇಳುತ್ತೇನೆ. ನಿವೃತ್ತಳಾದ ಮೇಲೆ ನನಗೆ ಮೆಮೊ ಕೊಡುವವರು ಯಾರೂ ಇಲ್ಲ.

ಕಲಬುರಗಿಯ ಒಂದು ದೊಡ್ಡ ದವಾಖಾನೆಯಲ್ಲಿ ನನ್ನ ಇಡೀ ನೌಕರಿ ಕಳೆಯಿತು. ಶಹಾಬಜಾರದ ಮನೆಯಿಂದ ಆಟೋ ಹತ್ತಿ ಹೋಗುವುದು, ದಿನವಿಡೀ ಜನರ ಕಿವಿಗೆ ಹೆಡ್‌ಫೋನ್ ಹಾಕುವುದು, ಸಂಜೆ ಬರುವುದು. ಕೆಲಸ ಇಷ್ಟೇ: ಒಂದೊಂದೇ ಸ್ವರವನ್ನು ಸಣ್ಣದು ಮಾಡುತ್ತ ಹೋಗಬೇಕು, ಕೇಳಿಸಿದಾಗಲೆಲ್ಲ ಎದುರಿನವರು ಬೆರಳೆತ್ತಬೇಕು. ಅವರಿಗೆ ಕೇಳಿಸಿದ ಅತ್ಯಂತ ಸಣ್ಣ ಸ್ವರ ಯಾವುದು ಎಂದು ಗುರುತು ಹಾಕಿಕೊಳ್ಳಬೇಕು. ಅದಕ್ಕೆ ಬೇಕಾದದ್ದು ಎರಡೇ. ಒಂದು, ಸದ್ದಿಲ್ಲದ ಕೋಣೆ. ಇನ್ನೊಂದು, ಜನರನ್ನು ಓದುವ ತಾಳ್ಮೆ. ಎರಡನ್ನೂ ಯಾವ ಕಂಪನಿಯೂ ಡಬ್ಬಿಯಲ್ಲಿ ಹಾಕಿ ಕಳಿಸುವುದಿಲ್ಲ.

ಜನರನ್ನು ಓದುವುದೆಂದರೆ ಏನು ಎಂದು ನನಗೆ ಮೊದಲು ಕಲಿಸಿದವರು ಶರಣಸಿರಸಗಿಯ ಒಬ್ಬ ಮುದುಕರು. ತಲೆಗೆ ರುಮಾಲು, ಕೈಯಲ್ಲಿ ಬಡಿಗೆ, ಮುಖದ ತುಂಬ ನಗು. ನಾನು ಸ್ವರ ಕೊಟ್ಟಾಗಲೆಲ್ಲ ತಪ್ಪದೆ ಬೆರಳೆತ್ತಿದರು. ಇಷ್ಟು ಚೆನ್ನಾಗಿ ಕೇಳುವವರನ್ನು ಮನೆಯವರು ಯಾಕೆ ಕರೆತಂದರೋ ಎಂದುಕೊಳ್ಳುವಷ್ಟರಲ್ಲಿ, ನಾನು ಸ್ವರ ಕೊಡದೆ ಸುಮ್ಮನೆ ಗುಂಡಿ ತಿರುವಿ ನೋಡಿದೆ. ಆಗಲೂ ಬೆರಳು ಮೇಲೆ ಹೋಯಿತು. ಹೆಡ್‌ಫೋನ್ ತೆಗೆದು ಅವರ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ.

"ಯಜಮಾನ್ರ, ಖರೇ ಹೇಳ್ರಿ, ಕೇಳತಿತ್ತೇನು?"

"ಇಲ್ಲ ತಂಗಿ. ಆದ್ರ ನೀ ಪಾಪ ಅವಾಗಿಂದ ಗುಂಡಿ ತಿರುವಾಕತ್ತಿ. ಒಂದೂ ಕೇಳಿಲ್ಲಂದ್ರ ನಿನಗ ಬ್ಯಾಸರ ಆಗಂಗಿಲ್ಲೇನು?"

ನಮ್ಮ ಕಡೆಯ ಜನರ ಮರ್ಯಾದೆ ಹೀಗಿದೆ. ಎದುರಿಗಿರುವವರ ಮನಸ್ಸು ನೋಯಬಾರದೆಂದು ಕೇಳದ ಸ್ವರಕ್ಕೂ ಬೆರಳೆತ್ತುತ್ತಾರೆ. ಅಂದಿನಿಂದ ನಾನು ಕೈ ಕಾಣದಂತೆ ಅಡ್ಡ ರಟ್ಟು ಇಟ್ಟುಕೊಂಡು ಕೆಲಸ ಮಾಡಿದೆ. ಲ್ಯಾಪ್‌ಟಾಪಿಗೆ ಈ ಮರ್ಯಾದೆ ಗೊತ್ತಿಲ್ಲ. ಬೆರಳೆತ್ತಿದರೆ ಕೇಳಿತು, ಎತ್ತದಿದ್ದರೆ ಕೇಳಲಿಲ್ಲ ಎಂದು ಬರೆದು, ಕೆಳಗೆ ಒಂದು ಚಂದದ ಗೆರೆ ಎಳೆದು ಮುಗಿಸುತ್ತದೆ.

ಇನ್ನೊಮ್ಮೆ ಒಬ್ಬ ಸೊಸೆ ಮಾವನ ಹಿಂದೆಯೇ ಕುಳಿತಿದ್ದಳು. ಮಾವನಿಗೆ ಕೇಳಲೆಂದು ನಾನು ಸ್ವರ ಏರಿಸುತ್ತ ಹೋದೆ. ಅದು ಹೆಡ್‌ಫೋನಿನಿಂದ ಹೊರಗೆ ಸೋರಿ ಅವಳಿಗೇ ಕೇಳತೊಡಗಿತು. "ಮಾವಾರ, ಈಗ ಬಂತ ನೋಡ್ರಿ, ಬೆರಳ ಎತ್ರಿ" ಎಂದು ಬೆನ್ನು ತಿವಿದಳು. ಮುದುಕರು ಎತ್ತಿದರು. ಸಂಬಂಧಿಕರನ್ನು ಹೊರಗೆ ಕೂರಿಸಿ ಎಂದು ನಾನು ಹೇಳುವುದು ಇದಕ್ಕೇ.

ಆಗಿನ ನಮ್ಮ ಸಾಹೇಬರು ಸಿಡುಕಿನ ಮುದ್ದೆ. ಬೆಳಗಾಗುತ್ತಲೇ ಯಾರನ್ನಾದರೂ ಬೈಯದಿದ್ದರೆ ಅವರಿಗೆ ಚಹಾ ಇಳಿಯುತ್ತಿರಲಿಲ್ಲ. ನಾನೂ ಬೇಕಾದಷ್ಟು ಬೈಸಿಕೊಂಡಿದ್ದೇನೆ. ಆದರೆ ಪರೀಕ್ಷೆ ನಡೆಯುವಾಗ ವರಾಂಡದ ಫ್ಯಾನು ಕಿರುಗುಟ್ಟಿದರೆ ತಾವೇ ಎದ್ದು ಬಂದು ಸ್ವಿಚ್ಚು ಆರಿಸುತ್ತಿದ್ದರು. ಗಾಲಿ ಸದ್ದು ಮಾಡುವ ಸ್ಟ್ರೆಚರನ್ನು ನಮ್ಮ ಬಾಗಿಲ ಮುಂದೆ ತಂದವನ ಗತಿ ಕೇಳಬೇಡಿ. ಅವರು ಕಟ್ಟಿಸಿದ್ದು ಎರಡು ಕೋಣೆ. ಒಳಕೋಣೆಯ ಗೋಡೆಗೆ ದಪ್ಪನೆಯ ಮೆತ್ತೆ, ಅಲ್ಲಿ ರೋಗಿ. ಹೊರಕೋಣೆಯಲ್ಲಿ ಯಂತ್ರ ಮತ್ತು ನಾನು. ನಡುವೆ ಗಾಜು. ಯಂತ್ರದ ವೈರು ಮಾತ್ರ ಗೋಡೆ ದಾಟಿ ಒಳಗೆ ಹೋಗುತ್ತಿತ್ತು.

ಹಳೆಯದೆಲ್ಲ ಹೊನ್ನು ಎನ್ನುವವಳು ನಾನಲ್ಲ. ಆ ಕಾಲದ ಯಂತ್ರ ಒಂದು ಕಬ್ಬಿಣದ ಪೆಟ್ಟಿಗೆ, ಎತ್ತಲು ಇಬ್ಬರು ಬೇಕು. ಅದರ ಗುಂಡಿಗಳು ಸಿಕ್ಕಿಹಾಕಿಕೊಳ್ಳುತ್ತಿದ್ದವು, ಗೆರೆಗಳನ್ನು ನಾವೇ ಕೈಯಿಂದ ಎಳೆಯಬೇಕಿತ್ತು. ಆಮೇಲೆ ಕಂಪ್ಯೂಟರ್ ಬಂತು. ದಪ್ಪನೆಯದು, ಕುರೂಪಿ. ಅದೂ ಹೊರಕೋಣೆಯಲ್ಲೇ ಕುಳಿತು ತನ್ನಷ್ಟಕ್ಕೆ ಗುಂಯ್ ಎನ್ನುತ್ತಿತ್ತು, ಒಳಗಿನವರಿಗೆ ತೊಂದರೆಯಿರಲಿಲ್ಲ. ಕೆಲಸ ಹಗುರವಾಯಿತೆಂದು ನಾನು ನಿಜಕ್ಕೂ ಖುಷಿಪಟ್ಟೆ.

ಹಳೆಯ ಸಾಹೇಬರು ಹೋದರು, ಹೊಸ ಸಾಹೇಬರು ಬಂದರು. ಇಸ್ತ್ರಿ ಕೆಡದ ಅಂಗಿ, ಮೆಲ್ಲನೆಯ ಮಾತು, ಕನ್ನಡಿಯಂಥ ಬೂಟು. ಒಂದು ದಿನ ಎರಡೇ ಬೆರಳಲ್ಲಿ ಒಂದು ಲ್ಯಾಪ್‌ಟಾಪ್ ಹಿಡಿದು ತಂದು ಎಲ್ಲರ ಮುಂದೆ ಎತ್ತಿ ತೋರಿಸಿದರು.

"ನೋಡ್ರಿ ಸುವರ್ಣಾಬಾಯಾರ, ಚಪಾತಿಯಷ್ಟ ತೆಳ್ಳಗ ಅದ. ಇನ್ನ ಆ ದಪ್ಪನ ಡಬ್ಬಿ ಯಾಕ ಬೇಕು?"

ಚಪಾತಿ ಹಂಚಿನ ಮೇಲೆ ಬಿದ್ದಾಗ ನೋಡೋಣ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಲ್ಲಿ "ಛಲೋ ಅದರೀ ಸರ್" ಎಂದೆ. ನೌಕರಿ ಎಂದರೆ ಅದೇ.

ನಾನು ಸುಮ್ಮನಿದ್ದದ್ದು ಯಂತ್ರ ತೆಳ್ಳಗಾದರೆ ನಮಗೇನು ನಷ್ಟ ಎಂದು. ನಷ್ಟ ಮರುವಾರವೇ ಗೊತ್ತಾಯಿತು. "ಇಷ್ಟ ಸಣ್ಣ ಮಷೀನಿಗೆ ಎರಡ ರೂಮ್ ಯಾಕ?" ಎಂದು ಸಾಹೇಬರು ಹೊರಕೋಣೆಯನ್ನು ತಮ್ಮ ಕ್ಯಾಬಿನ್ ಮಾಡಿಕೊಂಡರು. ಅದಕ್ಕೆ ಎ.ಸಿ. ಹಾಕಿಸಿದರು. ಎ.ಸಿ.ಯ ಪೈಪು ಬಯಲಿಗೆ ಹೋಗಬೇಕಾದರೆ ನಮ್ಮ ಒಳಕೋಣೆಯನ್ನು ಹಾಯ್ದೇ ಹೋಗಬೇಕು. ಅದಕ್ಕಾಗಿ ನಡುವಿನ ಮೆತ್ತೆ ಹಾಕಿದ ಗೋಡೆಗೆ ಒಂದು ತೂತು ಕೊರೆದರು, ಪೈಪಿನ ಸುತ್ತ ಮುಚ್ಚದೆ ಹಾಗೇ ಬಿಟ್ಟರು. ಗಾಜಿಗೆ ತಮ್ಮ ಕಡೆಯಿಂದ ಪರದೆ ಎಳೆದುಕೊಂಡರು. ನಾನು, ರೋಗಿ, ಲ್ಯಾಪ್‌ಟಾಪ್ ಮೂವರೂ ಕಿಟಕಿಯಿಲ್ಲದ ಒಂದೇ ಕೋಣೆಗೆ ಬಿದ್ದೆವು. ಮೇಲೆ ಥಳಕು ಒಳಗೆ ಹುಳುಕು ಎನ್ನುತ್ತಾರಲ್ಲ, ಆ ಮಾತಿಗೆ ನಮ್ಮ ವಿಭಾಗವೇ ಸಾಕ್ಷಿಯಾಯಿತು.

ಆಮೇಲೆ ನಮ್ಮ ಬೇಸಿಗೆ ಬಂತು. ಕಲಬುರಗಿಯ ಬೇಸಿಗೆಯನ್ನು ಕಲಬುರಗಿಯವರಿಗೆ ವರ್ಣಿಸಬೇಕಿಲ್ಲ. ಫ್ಯಾನು ಹಾಕಿದರೆ ಸದ್ದು, ಆದ್ದರಿಂದ ಪರೀಕ್ಷೆಯ ಕೋಣೆಯಲ್ಲಿ ನಾವು ಫ್ಯಾನು ಹಾಕುವುದಿಲ್ಲ. ಬೆವರು ಒರೆಸಿಕೊಳ್ಳುತ್ತ ಕೂರುತ್ತೇವೆ. ಆದರೆ ಆ ಚಪಾತಿಗೆ ಅಷ್ಟೂ ಸಹನೆಯಿಲ್ಲ. ಅರ್ಧ ಪರೀಕ್ಷೆ ಮುಗಿಯುವಷ್ಟರಲ್ಲಿ ಮೈ ಕಾದು, ಅಂಗೈ ಇಟ್ಟರೆ ಚುರ್ ಎನ್ನುತ್ತಿತ್ತು. ಒಳಗಿನ ಪುಟ್ಟ ಫ್ಯಾನು ಮೊದಲು ಸುಯ್ ಎಂದು ಶುರುವಾಗಿ, ಆಮೇಲೆ ಗಿರಣಿಯ ಹಾಗೆ ಒದರುತ್ತಿತ್ತು. ರೋಗಿಗೆ ಸಣ್ಣ ಸ್ವರ ಕೇಳಿಸಬೇಕು ಎನ್ನುವ ಯಂತ್ರವೇ ಆ ಸ್ವರದ ಮೇಲೆ ಕುಳಿತು ಕಿರುಚಿದರೆ ಏನು ಮಾಡುವುದು? ಅದರಲ್ಲೂ ತಗ್ಗಿನ ಗಡಸು ಸ್ವರಗಳು ಆ ಗದ್ದಲದಲ್ಲಿ ಪೂರ್ತಿ ಮುಳುಗಿಹೋಗುತ್ತಿದ್ದವು. ತೊಡೆಯ ಮೇಲೆ ಇಟ್ಟುಕೊಳ್ಳುವ ಯಂತ್ರವೆಂದು ಹೇಳಿ ಮಾರುತ್ತಾರೆ. ನಮ್ಮ ಮೇ ತಿಂಗಳಲ್ಲಿ ಮಾರಿದವರೇ ಇಟ್ಟುಕೊಂಡು ನೋಡಲಿ.

ನಾನು ದೂರು ಕೊಟ್ಟೆ. ಒಬ್ಬ ಎಂಜಿನಿಯರ್ ಬಂದ. ಯಂತ್ರವನ್ನು ಮೇಲೆ ಕೆಳಗೆ ನೋಡಿ ನಕ್ಕ.

"ಇದು ಕೆಟ್ಟಿಲ್ಲ ಮೇಡಂ. ಹೀಗೇ ಇರೋದು. ಬಾಡಿ ತೆಳ್ಳಗಿದೆಯಲ್ಲ, ಒಳಗಡೆ ಗಾಳಿ ಆಡೋಕೆ ಜಾಗ ಇಲ್ಲ. ಫ್ಯಾನ್ ಚಿಕ್ಕದು, ಅದಕ್ಕೆ ಜೋರಾಗಿ ಸುತ್ತಲೇಬೇಕು. ಎ.ಸಿ. ರೂಮಲ್ಲಿಟ್ಟು ಬಳಸಿ."

"ಎ.ಸಿ. ಸಾಹೇಬರ ರೂಮಿನಾಗ ಅದಪ್ಪ."

"ಹಾಗಾದ್ರೆ ಅಲ್ಲೇ ಇಡಿ" ಎಂದು ಹೇಳಿ, ಸಹಿ ಹಾಕಿಸಿಕೊಂಡು ಹೋದ. ಹುಡುಗ ಸುಳ್ಳು ಹೇಳಲಿಲ್ಲ, ಅಷ್ಟರಮಟ್ಟಿಗೆ ಅವನೇ ವಾಸಿ. ನಾನು ಸಾಹೇಬರನ್ನು ಕೇಳಿದೆ. ಲ್ಯಾಪ್‌ಟಾಪನ್ನು ನಿಮ್ಮ ಕಡೆ ಇಟ್ಟುಕೊಂಡು ವೈರನ್ನಷ್ಟೇ ಈ ಕಡೆ ಬಿಟ್ಟರೆ ಸಾಕು ಎಂದೆ.

"ನನ್ನ ಕ್ಯಾಬಿನ್ ಏನ್ ವರ್ಕ್‌ಶಾಪ್ ಅದ ಏನ್ರಿ?" ಎಂದರು. ಮೆಲ್ಲಗೇ ಎಂದರು. ಅವರು ಎಂದೂ ದನಿ ಏರಿಸಿದವರಲ್ಲ.

ಅದೇ ಯಂತ್ರವನ್ನು ಹೊತ್ತುಕೊಂಡು ಕಮಲಾಪುರದ ಒಂದು ಶಾಲೆಗೆ ಶಿಬಿರಕ್ಕೆ ಹೋದೆವು. ತಗಡಿನ ಮಾಳಿಗೆ, ಒಳಗೆ ಒಲೆಯ ಮುಂದೆ ಕೂತಂಥ ಕಾವು. ಲ್ಯಾಪ್‌ಟಾಪ್ ಬೆಳಗಿನಿಂದಲೇ ಒದರಲು ಶುರುಮಾಡಿತು. ಒಂದು ಮಗು ಬಂತು, ನಪಾಸು. ಇನ್ನೊಂದು ಬಂತು, ನಪಾಸು. ಮಧ್ಯಾಹ್ನದ ಹೊತ್ತಿಗೆ ಹೆಚ್ಚುಕಡಿಮೆ ಇಡೀ ಶಾಲೆಯೇ ಕಿವುಡಾಗಿತ್ತು. ಅಲ್ಲಿಯ ಮಾಸ್ತರು ಗಾಬರಿಯಾಗಿ ನನ್ನ ಹತ್ತಿರ ಬಂದರು.

"ಅಲ್ರೀ ಮೇಡಮ್ಮೋರ, ಸಂತ್ಯಾಗ ಕುಲ್ಫಿಯವ ಗಂಟಿ ಬಾರಿಸಿದ್ರ ಇವು ಇಲ್ಲಿ ಕುಂತ ಕೇಳತಾವ. ನಾ ಪಾಠ ಹೇಳೂದ ಬಿಟ್ಟ ಮತ್ತೆಲ್ಲ ಕೇಳತಾವ."

ಸಾಹೇಬರಿಗೆ ಮಾತ್ರ ಆ ದಿನ ಹಬ್ಬ. ಇಷ್ಟು ಕಿವುಡುತನವನ್ನು ಒಂದೇ ದಿನದಲ್ಲಿ ಯಾರೂ ಪತ್ತೆ ಹಚ್ಚಿಲ್ಲವೆಂದು ಮೇಲಿನವರಿಗೆ ಫೋನು ಮಾಡಿ ಹೇಳಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ, ಮೇಲಿನವರು ಶಾಬಾಸ್ ಎಂದರು. ಇತ್ತ ತಾಯಂದಿರು ಮಕ್ಕಳ ಕಿವಿಗೆ ಬಿಸಿ ಎಣ್ಣೆ ಹಾಕಲು ಹೊರಟಿದ್ದರು. ನಾನು ಒಬ್ಬೊಬ್ಬರನ್ನೇ ಮರೆಗೆ ಕರೆದು, ಏನೂ ಆಗಿಲ್ಲ, ಎಣ್ಣೆ ಮಾತ್ರ ಹಾಕಬೇಡಿರೆಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡೆ. ಆ ದಿನ ಬಂದಷ್ಟು ಸಿಟ್ಟು ನನಗೆ ಮತ್ತೆಂದೂ ಬರಲಾರದು ಎಂದುಕೊಂಡಿದ್ದೆ. ಅಷ್ಟರಲ್ಲಿ ರುಬೀನಾ ಬಂದಳು.

ರುಬೀನಾ ಅದೇ ಕಮಲಾಪುರದ ಹುಡುಗಿ. ಅವಳ ತಂದೆ ಮಹಬೂಬ್‌ಸಾಬರು ಬಸ್‌ಸ್ಟ್ಯಾಂಡಿನ ಹತ್ತಿರ ಬಂಡಿಯಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಾರೆ. ಹುಡುಗಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಸೇರಬೇಕಾದರೆ ಕಿವಿ ಸರಿಯಿದೆ ಎಂಬ ಪ್ರಮಾಣಪತ್ರ ಬೇಕು, ಅದೂ ನಮ್ಮ ದವಾಖಾನೆಯದೇ ಆಗಬೇಕು ಎಂದು ಕಾಲೇಜಿನವರು ಹೇಳಿದ್ದರು. ಮರುದಿನವೇ ಕೊನೆಯ ದಿನ. ಪತ್ರ ಕೊಡದಿದ್ದರೆ ಸೀಟು ಬೇರೆಯವರಿಗೆ.

ನಾನು ಪರೀಕ್ಷೆ ಶುರುಮಾಡಿದೆ. ಮೊದಲ ಎರಡು ಮೂರು ಸ್ವರ ಚೆನ್ನಾಗಿ ಹೋದವು. ಆಮೇಲೆ ಯಂತ್ರ ಒದರತೊಡಗಿತು. ಹುಡುಗಿ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕುಳಿತಳು. ಬೆರಳು ಮೇಲೇಳಲಿಲ್ಲ.

"ಅಕ್ಕಾರ, ನಿಮ್ಮ ಮಷೀನ್ ಸುಮ್ಮನಾದ್ರ ನಂಗ ಕೇಳತದ್ರಿ" ಎಂದಳು.

"ನಮ್ ಪೋರಿ ಕಿವಿ ಭಾಳ ತೇಜ್ ಅದಾವ್ರಿ" ಎಂದು ಬಾಗಿಲಲ್ಲಿ ನಿಂತ ತಂದೆ ಹೇಳಿದರು. "ನಾ ಮನಿಗಿ ಬರೂ ಮೊದಲ ಓಣಿ ತಿರುವಿನ್ಯಾಗ ನನ್ನ ಚಪ್ಪಲ್ ಸಪ್ಪಳ ಕೇಳಿ ಚಹಾ ಇಡತಾಳ."

ವರದಿ ಬಂತು. ಎರಡೂ ಕಿವಿಯಲ್ಲಿ ದೋಷ. ನಾನು ಅದನ್ನು ಹಿಡಿದು ಸಾಹೇಬರ ಹತ್ತಿರ ಹೋಗಿ, ಇದು ಹುಡುಗಿಯ ಕಿವಿಯ ದೋಷವಲ್ಲ, ಲ್ಯಾಪ್‌ಟಾಪಿನದು ಎಂದೆ.

"ಮಷೀನ್ ಸುಳ್ಳ ಹೇಳತದೇನ್ರಿ? ನಿಮಗ ಕಂಪ್ಯೂಟರ್ ಅಂದ್ರ ಮೊದಲಿಂದ ಆಗಿಬರಂಗಿಲ್ಲ."

"ನಾಳಿ ಇನ್ನೊಮ್ಮಿ ನೋಡತೀನ್ರಿ ಸರ್."

"ನೋಡ್ರಿ. ಅದೇ ಮಷೀನಿನ ಮ್ಯಾಲ, ಅದೇ ರೂಮಿನಾಗ."

ಮನೆಗೆ ಹೋದರೂ ಊಟ ಸೇರಲಿಲ್ಲ. ಒಂದು ಗದ್ದಲದ ಫ್ಯಾನಿಗಾಗಿ ಒಬ್ಬ ಹುಡುಗಿಯ ಬದುಕು ತಪ್ಪಿಹೋಗುವುದೇ? ನನಗೆ ಅಳುವೂ ಬಂತು, ಹೇಸಿಗೆಯೂ ಆಯಿತು.

ಮರುದಿನ ಬೆಳಿಗ್ಗೆ ತಂದೆ ಮಗಳು ಮೊದಲ ಬಸ್ಸಿಗೇ ಬಂದಿದ್ದರು. ನಮ್ಮ ಆಯಾ ಶಾಂತಾಬಾಯಿ ಆ ದಿನ ಒಂದು ಕೌದಿ ಹೊತ್ತು ತಂದಿದ್ದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಕೈಯಿಂದ ಹೊಲಿದ, ಮಣ ಭಾರದ ಕೌದಿ.

"ಬಾಯಾರ, ಅಳೂ ಕೂಸಿಗಿ ಹೊಚ್ಚಿದಂಗ ಹೊಚ್ಚಿಬಿಡ್ರಿ. ಸಪ್ಪಳ ಹೊರಗ ಬರಂಗಿಲ್ಲ."

ಬೇಡವೆಂದೆ. ಅಷ್ಟರಲ್ಲಿ ಆ ದರಿದ್ರ ಯಂತ್ರ ಒದರಲು ಶುರುಮಾಡಿತು, ಶಾಂತಾಬಾಯಿ ಹೊಚ್ಚಿಯೇಬಿಟ್ಟಳು. ಸದ್ದು ನಿಜಕ್ಕೂ ಕಡಿಮೆಯಾಯಿತು. ನಾನು ಅವಸರದಿಂದ ಸ್ವರ ಕೊಟ್ಟೆ, ರುಬೀನಾ ಬೆರಳೆತ್ತಿದಳು. ಇನ್ನೂ ಸಣ್ಣ ಸ್ವರ ಕೊಟ್ಟೆ, ಅದಕ್ಕೂ ಎತ್ತಿದಳು. ಮೂವರ ಮುಖವೂ ಅರಳಿತು. ಅಷ್ಟರಲ್ಲಿ ಕೌದಿಯೊಳಗೆ ಉಸಿರುಕಟ್ಟಿದ ಲ್ಯಾಪ್‌ಟಾಪ್ ಪಟ್ಟನೆ ಆರಿಹೋಯಿತು. ಮಾಡಿದ್ದ ಪರೀಕ್ಷೆಯೂ ಅದರೊಂದಿಗೇ ಹೋಯಿತು.

ಕೌದಿ ತೆಗೆದರೆ ಯಂತ್ರ ಹಂಚಾಗಿತ್ತು. ಒತ್ತಿದರೆ ಏಳಲಿಲ್ಲ. ತಣ್ಣಗಾಗುವವರೆಗೆ ಕಾಯಬೇಕು ಎಂದು ಮೂವರೂ ಸುಮ್ಮನೆ ಕುಳಿತೆವು. ಆ ಕೋಣೆ ಅಷ್ಟು ನಿಶ್ಶಬ್ದವಾಗಿ ಎಷ್ಟು ಕಾಲವಾಗಿತ್ತೋ. ಪೈಪಿನ ತೂತಿನ ಆಚೆ ಸಾಹೇಬರು ಫೋನಿನಲ್ಲಿ ಮಾತಾಡುತ್ತಿದ್ದರು. ನನಗೆ ಬರೀ ಗುಣುಗುಣು. ಶಾಂತಾಬಾಯಿಗೆ ಅದೂ ಇಲ್ಲ. ರುಬೀನಾ ಮಾತ್ರ ತಲೆ ಒಂದು ಕಡೆ ವಾಲಿಸಿ ಕೇಳಿಸಿಕೊಂಡಳು, ಆಮೇಲೆ ಓಢಣಿ ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಸಾಹೇಬರು ಒಳಗೆ ಬಂದರು. "ಆತೇನ್ರಿ?"

"ಮಷೀನ್ ಬಂದ್ ಆಗ್ಯದರೀ ಸರ್."

"ಹಂಗಿದ್ರ ನಿನ್ನಿ ರಿಪೋರ್ಟೇ ಖಾಯಂ. ಏನ್ಮಾಡೂದು, ಹುಡುಗಿಗಿ ಕೇಳಂಗಿಲ್ಲ." ಆ ಮಾತನ್ನು ಅವರು ಹುಡುಗಿಯ ಮುಂದೆಯೇ, ಅವಳಿಗೆ ನಿಜವಾಗಿ ಕೇಳುವುದಿಲ್ಲವೇನೋ ಎಂಬಂತೆ ಹೇಳಿದರು.

ರುಬೀನಾ ಎದ್ದು ನಿಂತಳು.

"ಕೇಳತದ್ರಿ ಸಾಹೇಬರ. ನೀವು ಈಗ ಫೋನಿನಾಗ ನಿಮ್ಮ ಮಗಳಿಗಿ ಹೇಳಿದ್ರಿ. 'ತೆಳ್ಳಂದು ಮಾತ್ರ ತಗೋಬ್ಯಾಡ ಬೇಬಿ. ನಮ್ಮ ದವಾಖಾನಿಗಿ ಒಂದ ತಂದೀನಿ, ಹಂಚಿನಂಗ ಕಾಯತದ, ದಿನಾಪೂರ್ತಿ ಒದರತದ. ನೋಡಾಕಷ್ಟ ಚಂದ. ನೀ ದಪ್ಪಂದೇ ತಗೋ' ಅಂದ್ರಿ. ಆಮ್ಯಾಲ, 'ಇದನ್ನ ಯಾರ ಮುಂದೂ ಹೇಳಬ್ಯಾಡ' ಅಂದ್ರಿ. ಅದಂತೂ ಭಾಳ ಮೆಲ್ಲಗ ಅಂದ್ರಿ."

ಬಾಗಿಲಲ್ಲಿದ್ದ ಮಹಬೂಬ್‌ಸಾಬರು "ಯಾ ಅಲ್ಲಾ" ಎಂದು ತಲೆಯ ಮೇಲೆ ಕೈ ಇಟ್ಟುಕೊಂಡರು. ಸೀಟು ಈಗ ಖಂಡಿತ ಹೋಯಿತು ಎಂದು ಅವರಿಗೆ ಅನಿಸಿರಬೇಕು. ನನಗೂ ಹಾಗೇ ಅನಿಸಿತು. ಸಾಹೇಬರು ಪೈಪಿನ ತೂತನ್ನು ನೋಡಿದರು, ನನ್ನನ್ನು ನೋಡಿದರು. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

"ಮತ್ತ ಈಗ ಟೆಸ್ಟ್ ಹ್ಯಾಂಗ ಮಾಡತೀರಿ?" ಎಂದು ಕೊನೆಗೆ ನನ್ನನ್ನು ಕೇಳಿದರು.

ಅವರು ಮಾತು ಬದಲಿಸುವ ಮೊದಲೇ ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಅವರ ಮೇಜಿನ ಮೇಲೆ ಇಟ್ಟೆ. ಪೈಪಿನ ತೂತಿನೊಳಗಿನಿಂದ ಹೆಡ್‌ಫೋನಿನ ವೈರು ಒಳಕೋಣೆಗೆ ಬಿಟ್ಟೆ, ಶಾಂತಾಬಾಯಿ ಆ ಕಡೆಯಿಂದ ಎಳೆದುಕೊಂಡಳು. ಗಾಜಿನ ಪರದೆ ಸರಿಸಿದೆ. ಯಂತ್ರ ಈ ಸಲ ಎದ್ದಿತು. ಎದ್ದದ್ದೇ ತಡ, ಕೌದಿಯೊಳಗೆ ಪಟ್ಟ ಪಾಡನ್ನೆಲ್ಲ ಸಾಹೇಬರ ಮುಂದೆ ಹೇಳಿಕೊಳ್ಳುವಂತೆ ಒದರತೊಡಗಿತು. ಎ.ಸಿ.ಯ ತಂಪಿಗೂ ಅದರ ಸಿಟ್ಟು ಇಳಿಯಲಿಲ್ಲ.

ಗಾಜಿನ ಆಚೆ ರುಬೀನಾ ಒಬ್ಬಳೇ ಕುಳಿತಿದ್ದಳು. ಗಡಸು ಸ್ವರ ಕೊಟ್ಟೆ, ಬೆರಳೆತ್ತಿದಳು. ಅದನ್ನೇ ಸಣ್ಣದು ಮಾಡಿದೆ, ಎತ್ತಿದಳು. ಸ್ವರ ಕೊಡದೆ ಸುಮ್ಮನೆ ಗುಂಡಿ ಒತ್ತಿದೆ, ಅವಳು ಕದಲಲಿಲ್ಲ. ನನ್ನ ಕಣ್ಣು ಮಂಜಾಯಿತು, ಒರೆಸಿಕೊಂಡು ಮುಂದುವರಿಸಿದೆ.

ಅಷ್ಟರಲ್ಲಿ ಸಾಹೇಬರ ಫೋನು ಬಡಿದುಕೊಂಡಿತು. ಮಗಳೇ ಇರಬೇಕು.

"ಏನಂದಿ? ಯಾವುದು? ಜೋರ ಮಾತಾಡ ಬೇಬಿ, ಇಲ್ಲಿ ಏನೂ ಕೇಳವಲ್ದು!" ಎಂದು ಕೂಗಿದರು. ಅವರು ದನಿ ಏರಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಯಂತ್ರ ಕೊಡಬಲ್ಲ ಅತ್ಯಂತ ಸಣ್ಣ ಸ್ವರ ಕೊಟ್ಟೆ. ಗಾಜಿನ ಆಚೆ ಬೆರಳು ಎದ್ದಿತು. ನಾನು ಪ್ರಮಾಣಪತ್ರವನ್ನು ಸಾಹೇಬರ ಮುಂದೆ ಇಟ್ಟು ಸಹಿಯ ಜಾಗ ತೋರಿಸಿದೆ. ಅವರು ಫೋನು ಕೆಳಗಿಟ್ಟರು, ಒಂದು ಕೈಯಿಂದ ಕಿವಿ ಮುಚ್ಚಿಕೊಂಡು ಇನ್ನೊಂದು ಕೈಯಿಂದ ಸಹಿ ಹಾಕಿದರು.